ನಿಧಾನಪ್ಪ ಸಂದರ್ಶನಕ್ಕೆ ಹೋದದ್ದು

ನಿಧಾನಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಅದನ್ನು ಅವನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮಾಡುತ್ತಿದ್ದ. ಕಲ್ಲು ಸಿಕ್ಕರೆ ಬರೆದವರಿಗೆ ಸಿಟ್ಟು, ಸಿಗದಿದ್ದರೆ ‘ಇಷ್ಟು ಹೊತ್ತು ಏನ್ ಮಾಡ್ತಿದ್ದೆ’ ಎಂಬ ಪ್ರಶ್ನೆ. ಅವನ ಜೊತೆ ಸೇರಿದವರು ಮೇಲಕ್ಕೆ ಹೋದರು, ಅವರ ನಂತರ ಸೇರಿದವರು ಅವರಿಗಿಂತ ಮೇಲಕ್ಕೆ ಹೋದರು, ನಿಧಾನಪ್ಪ ಮಾತ್ರ ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಉಳಿದ. ಇದರಿಂದ ಅವನಿಗೆ ವಿಶೇಷ ದುಃಖವೇನೂ ಇರಲಿಲ್ಲ. ದುಃಖಪಡುವ ಕೆಲಸವನ್ನು ಅವನ ಷಡ್ಡಕ ವಹಿಸಿಕೊಂಡಿದ್ದ.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ವಯಸ್ಸಿನಲ್ಲಿ ಚಿಕ್ಕವನು, ಸಂಬಳದಲ್ಲಿ ದೊಡ್ಡವನು. ಈ ಎರಡೂ ಒಬ್ಬನಲ್ಲೇ ಕೂಡಿಬಿಟ್ಟರೆ ನೆಂಟರಿಗೆ ಬುದ್ಧಿವಾದ ತಪ್ಪಿದ್ದಲ್ಲ. ಅವನೂ ಕಂಪ್ಯೂಟರಿನ ಕೆಲಸದವನೇ. ಬೆಳಿಗ್ಗೆ ಓಡುವಾಗ ಕಿವಿಗೆ ಯಶಸ್ಸಿನ ಭಾಷಣ ತುಂಬಿಸಿಕೊಂಡು, ಸಂಜೆ ಯಾರು ಸಿಕ್ಕರೂ ಅವರ ಕಿವಿಗೆ ಬಗ್ಗಿಸುತ್ತಿದ್ದ.

ಒಂದು ಭಾನುವಾರ ಅವನ ಮನೆಯಲ್ಲಿ ಊಟ. ಊಟದ ನಡುವೆ ಷಡ್ಡಕ ಕೈ ತಡೆದು, “ಅಣ್ಣ, ತಪ್ಪು ತಿಳ್ಕೋಬೇಡಿ” ಎಂದ. ತಪ್ಪು ತಿಳಿಯದೆ ಬೇರೆ ದಾರಿಯಿಲ್ಲದ ಮಾತುಗಳು ಶುರುವಾಗುವುದೇ ಹೀಗೆ.

“ಹೇಳಪ್ಪ” ಎಂದ ನಿಧಾನಪ್ಪ.

“ನಮ್ಮ ಕೆಲಸದಲ್ಲಿ ಒಂದೇ ಕಡೆ ಕೂತೋರು ಬೇರು ಬಿಟ್ಟುಬಿಡ್ತಾರೆ.”

“ಬೇರು ಬಿಟ್ರೆ ಒಳ್ಳೇದು ತಾನೆ?” ಎಂದಳು ನಿಧಾನಪ್ಪನ ಹೆಂಡತಿ. ಅವಳದ್ದು ಸ್ವಂತ ಟೈಲರ್ ಅಂಗಡಿ. ಅದೇ ಬೀದಿಯಲ್ಲಿ, ಅದೇ ಮಷೀನಿನ ಮುಂದೆ ಕೂತು ಅವಳೂ ಸಾಕಷ್ಟು ಬೇರು ಬಿಟ್ಟಿದ್ದಳು.

“ಗಿಡಕ್ಕೆ ಒಳ್ಳೇದು ಅಕ್ಕ. ನಾವು ಗಿಡ ಅಲ್ವಲ್ಲ. ಅಣ್ಣ, ನೋಡಿ, ಕೆಲಸ ಬೇಕೋ ಬೇಡವೋ, ವರ್ಷಕ್ಕೊಂದು ಇಂಟರ್‌ವ್ಯೂಗೆ ಹೋಗ್ತಾ ಇರಬೇಕು. ಹೋಗುವಾಗ ಈಗಿರೋ ಕೆಲಸಕ್ಕೆ ತಕ್ಕ ಬಟ್ಟೆ ಹಾಕಬಾರದು, ಬೇಕು ಅಂತಿರೋ ಕೆಲಸಕ್ಕೆ ತಕ್ಕ ಬಟ್ಟೆ ಹಾಕಬೇಕು. ಮತ್ತೆ ಅಲ್ಲಿ ಏನೇ ಕೇಳಲಿ, ಮೊದಲು ಹೂಂ ಅಂದುಬಿಡಬೇಕು. ಹೇಗೆ ಮಾಡೋದು ಅಂತ ಆಮೇಲೆ ಕಲ್ತರಾಯ್ತು. ದೊಡ್ಡೋರೆಲ್ಲ ಹಾಗೇ ದೊಡ್ಡೋರಾಗಿದ್ದು.”

“ಗೊತ್ತಿಲ್ಲದಿದ್ರೂ ಹೂಂ ಅನ್ನಬೇಕಾ?”

“ಗೊತ್ತಿಲ್ಲದಿದ್ರೇನೇ ಅನ್ನಬೇಕು.”

ನಿಧಾನಪ್ಪನಿಗೆ ಮಾತು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಆದರೆ ಒಪ್ಪದಿದ್ದರೆ ಷಡ್ಡಕ ಇನ್ನೊಂದು ಸುತ್ತು ವಿವರಿಸುತ್ತಿದ್ದ. ಅದಕ್ಕಾಗಿ ಹೂಂ ಎಂದ. ಉಪದೇಶ ಕೆಲಸ ಮಾಡಲು ಅಲ್ಲಿಂದಲೇ ಆರಂಭಿಸಿತು. ಷಡ್ಡಕ ಆ ವಾರದಲ್ಲೇ ಒಂದು ದೊಡ್ಡ ಕಂಪನಿಗೆ ನಿಧಾನಪ್ಪನ ಹೆಸರು ಕಳುಹಿಸಿ, ಸಂದರ್ಶನದ ದಿನ ಗೊತ್ತುಮಾಡಿಸಿ, ತನ್ನ ಕಪ್ಪು ಕೋಟನ್ನೂ ತಂದುಕೊಟ್ಟ. ಷಡ್ಡಕ ಎತ್ತರದ ಆಳು. ಕೋಟಿನ ತೋಳು ನಿಧಾನಪ್ಪನ ಬೆರಳು ದಾಟಿ ಹೋಗುತ್ತಿತ್ತು. ಹೆಂಡತಿ ತೋಳನ್ನು ಒಳಕ್ಕೆ ಮಡಿಸಿ, ಕತ್ತರಿ ತಾಗಿಸದೆ ನಾಲ್ಕು ಕಚ್ಚಾ ಹೊಲಿಗೆ ಹಾಕಿ, “ಕೈ ಜಾಸ್ತಿ ಆಡಿಸಬೇಡಿ” ಎಂದಳು. ಇದೊಂದು ಸಲಹೆ ಮಾತ್ರ ಅನುಭವದಿಂದ ಬಂದದ್ದು.

ಹಿಂದಿನ ದಿನ ನಿಧಾನಪ್ಪ ಮ್ಯಾನೇಜರ ಬಳಿ ಹೋಗಿ, “ಸಾರ್, ನಾಳೆ ರಜೆ ಬೇಕಿತ್ತು. ಹಲ್ಲುನೋವು” ಎಂದ.

ಮ್ಯಾನೇಜರು ರಜೆ ಎಂದರೆ ಹುಬ್ಬು ಗಂಟಿಕ್ಕುವವರು. ಅಂದು ಮಾತ್ರ ಅಕ್ಕರೆಯಿಂದ, “ತಗೊಳ್ಳಿ ತಗೊಳ್ಳಿ. ಹಲ್ಲು ನೆಗ್ಲೆಕ್ಟ್ ಮಾಡಬಾರದು. ನಾನೂ ನಾಳೆ ಬರಲ್ಲ, ಸೊಂಟ ಹಿಡ್ಕೊಂಡಿದೆ, ಡಾಕ್ಟರ್ ಹತ್ರ ಹೋಗ್ತಿದೀನಿ” ಎಂದರು. ಇಬ್ಬರೂ ಒಬ್ಬರ ನೋವಿಗೆ ಒಬ್ಬರು ಮರುಗಿದರು.

ಮರುದಿನ ಬೆಳಿಗ್ಗೆ ಆ ಕಂಪನಿಯ ಗೇಟಿನಲ್ಲಿ ಕಾವಲುಗಾರ ನಿಧಾನಪ್ಪನಿಗೆ, ಅಂದರೆ ಕೋಟಿಗೆ, ಸಲಾಮು ಹೊಡೆದ. ಒಳಗೆ ಸ್ವಾಗತದ ಮೇಜಿನ ಹುಡುಗಿ ಎದ್ದು ನಿಂತಳು.

“ಇಂಟರ್‌ವ್ಯೂಗಾ ಸಾರ್?”

“ಹೂಂ.”

“ಪ್ಯಾನೆಲ್ಲಾ ಸಾರ್?”

ಪ್ಯಾನೆಲ್ ಎಂದರೆ ಪ್ರಶ್ನೆ ಕೇಳಲು ಸಾಲಾಗಿ ಕೂರುವವರು ಎಂಬಷ್ಟು ನಿಧಾನಪ್ಪನಿಗೆ ಗೊತ್ತಿತ್ತು. ತನ್ನದು ಅಂಥ ಸಂದರ್ಶನವೇ ಎಂದು ಷಡ್ಡಕ ಹೇಳಿದ್ದ. “ಹೂಂ, ಪ್ಯಾನೆಲ್ಲೇ” ಎಂದ.

ಹುಡುಗಿ ಅವನನ್ನು ಗಾಜಿನ ಗೋಡೆಯ ಕೋಣೆಗೆ ಕರೆದುಕೊಂಡು ಹೋಗಿ, ಉದ್ದ ಮೇಜಿನ ಹಿಂದಿದ್ದ ಎರಡು ಕುರ್ಚಿಗಳಲ್ಲಿ ದೊಡ್ಡದನ್ನು ತೋರಿಸಿದಳು. ಇನ್ನೊಂದರಲ್ಲಿ ಎಚ್‌ಆರ್ ಮೇಡಂ ಕೂತಿದ್ದರು. ಜನರನ್ನು ಕೆಲಸಕ್ಕೆ ಸೇರಿಸುವುದೂ ಕಳುಹಿಸುವುದೂ ಅವರ ಜವಾಬ್ದಾರಿ. ಅಂದು ಸಂದರ್ಶನ ಮಾಡಲು ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಅವರನ್ನು ಮೇಡಂ ಕಂಡಿರಲಿಲ್ಲ, ಫೋನಿನಲ್ಲಿ ಮಾತ್ರ ಮಾತಾಡಿದ್ದರು.

“ಬನ್ನಿ ಸಾರ್. ಫೋನಲ್ಲಿ ನಿಮ್ಮ ದನಿ ಬೇರೆ ಥರ ಇತ್ತಲ್ಲ?”

“ಹಲ್ಲುನೋವು” ಎಂದ ನಿಧಾನಪ್ಪ, ಹಿಂದಿನ ದಿನದ ಅಭ್ಯಾಸದಿಂದ.

“ಅಯ್ಯೋ ಪಾಪ. ನೋಡಿ ಸಾರ್, ನಂಗೆ ಟೆಕ್ನಿಕಲ್ ವಿಷಯ ಏನೂ ತಿಳಿಯಲ್ಲ. ಒಬ್ಬೊಬ್ಬರನ್ನೇ ಕಳಿಸ್ತಾರೆ, ನೀವೇ ಮಾತಾಡಿಸಿ, ಯಾರು ಬೇಕು ಯಾರು ಬೇಡ ಅಂತ ಹೇಳಬೇಕು. ಆಗತ್ತಲ್ಲ?”

ನಿಧಾನಪ್ಪ ತಬ್ಬಿಬ್ಬಾದ. ಆಮೇಲೆ ಹೊಳೆಯಿತು. ಈಗಿನ ಸಂದರ್ಶನಗಳು ಮೊದಲಿನಂತಲ್ಲ, ಆಟ ಆಡಿಸುತ್ತಾರೆ, ನಾಟಕ ಮಾಡಿಸುತ್ತಾರೆ, ಬೆಚ್ಚಬಾರದು ಎಂದು ಷಡ್ಡಕ ಎಚ್ಚರಿಸಿದ್ದ. ಇದೂ ಅಂಥದೇ ಒಂದು ನಾಟಕ. ತನ್ನನ್ನು ಪ್ರಶ್ನೆ ಕೇಳುವವನ ಜಾಗದಲ್ಲಿ ಕೂರಿಸಿ, ತಾನು ಹೇಗೆ ನಡೆದುಕೊಳ್ಳುತ್ತೇನೆಂದು ಈ ಮೇಡಂ ನೋಡುತ್ತಾರೆ. ಒಳಗೆ ಬರುವವರೆಲ್ಲ ವೇಷದವರು.

“ಹೂಂ” ಎಂದ.

ಮೊದಲು ಬಂದವನು ಗರಿಗರಿ ಅಂಗಿಯ ತರುಣ. ನಿಧಾನಪ್ಪ ಏನು ಕೇಳಬೇಕೆಂದು ತಿಳಿಯದೆ ಅವನನ್ನೇ ನೋಡುತ್ತ ಕೂತ. ತರುಣ ತಾನಾಗಿಯೇ ಬಿಚ್ಚಿಕೊಂಡ.

“ನನ್ನ ದೌರ್ಬಲ್ಯ ಏನು ಅಂತ ಕೇಳ್ತೀರ ಅಂತ ಗೊತ್ತು ಸಾರ್. ನಾನು ಅತಿಯಾಗಿ ಕೆಲಸ ಮಾಡ್ತೀನಿ. ಎಷ್ಟು ಹೇಳಿದ್ರೂ ನಿಲ್ಲಿಸಲ್ಲ.”

“ಆಮೇಲೆ?” ಎಂದ ನಿಧಾನಪ್ಪ. ಗುಂಡಿ ಒತ್ತಿದರೆ ಆಮೇಲೇನಾಗುತ್ತದೆ ಎಂದು ಇಡೀ ದಿನ ಕೇಳುವವನಿಗೆ ಬೇರೆ ಪ್ರಶ್ನೆ ಬಾಯಿಗೆ ಬರಲಿಲ್ಲ.

“ಆಮೇಲೆ... ಮನೇಗೂ ಹೋಗಲ್ಲ ಸಾರ್.”

“ಆಮೇಲೆ?”

ತರುಣನ ಮುಖ ಇಳಿಯಿತು. “ಹೋಗ್ತೀನಿ ಸಾರ್. ಆರು ಗಂಟೆಗೆ ಹೋಗ್ತೀನಿ. ಹೀಗೆ ಹೇಳು ಅಂತ ಒಬ್ಬರು ಹೇಳಿಕೊಟ್ಟಿದ್ರು.”

ಎರಡನೆಯವನು, ಸೋಲೇ ಗೆಲುವಿನ ಮೆಟ್ಟಿಲು, ಹಾಗಾಗಿ ಬೇಗಬೇಗ ಸೋಲಬೇಕು ಎಂಬ ಪಂಗಡದವನು. ತಾನು ಮುಳುಗಿಸಿದ ಮೂರು ಕೆಲಸಗಳನ್ನು ಮಗನ ಮದುವೆಯ ಫೋಟೋ ತೋರಿಸುವವರ ಹಾಗೆ ವಿವರಿಸಿದ. ನಿಧಾನಪ್ಪ ಪ್ರತಿ ಸಲ “ಆಮೇಲೆ?” ಎಂದಂತೆ ಅವನ ಹಿಂದಿನ ಕಂಪನಿಯೂ ಮುಳುಗಿತ್ತೆಂದು ತಿಳಿಯಿತು. ಮೂರನೆಯವಳೊಬ್ಬ ಹುಡುಗಿ, ಕಾಲೇಜು ಮುಗಿಸಿ ಒಂದು ಸಣ್ಣ ಕಡೆ ದುಡಿದವಳು. ಅವಳಿಗೆ ಯಾರೂ ಏನೂ ಹೇಳಿಕೊಟ್ಟ ಹಾಗೆ ಕಾಣಲಿಲ್ಲ. “ಒಂದ್ಸಲ ನಾನು ಬರೆದಿದ್ದೆಲ್ಲ ನಿಂತುಹೋಯ್ತು ಸಾರ್” ಎಂದಳು.

“ಆಮೇಲೆ?”

“ಗಾಬರಿಯಾಯ್ತು. ಪಕ್ಕದ ಸೀಟಿನೋರನ್ನ ಕೇಳಿದೆ. ಅವರು ತೋರಿಸಿದ್ರು. ತಪ್ಪು ನಂದೇ ಇತ್ತು.”

“ಆಮೇಲೆ?”

“ಸರಿ ಮಾಡಿ ಊಟಕ್ಕೆ ಹೋದ್ವಿ ಸಾರ್.”

ನಿಧಾನಪ್ಪನಿಗೆ ಬೆಳಗಿನಿಂದ ಕೇಳಿದ್ದರಲ್ಲಿ ಇದೊಂದು ತಿಳಿಯುವ ಮಾತೆನಿಸಿತು. “ಇವಳು ಬೇಕು” ಎಂದ. ಮೇಡಂ ಬರೆದುಕೊಂಡು, “ಎಷ್ಟು ಕಡಿಮೆ ಮಾತಾಡ್ತೀರ ಸಾರ್. ನಿಮ್ಮ ಎದುರು ಯಾರೂ ಸುಳ್ಳು ಹೇಳೋಕಾಗಲ್ಲ” ಎಂದರು. ನಾಟಕದಲ್ಲಿ ತಾನು ತೇರ್ಗಡೆಯಾಗುತ್ತಿದ್ದೇನೆ ಎಂದು ನಿಧಾನಪ್ಪನಿಗೆ ಹಿಗ್ಗಾಯಿತು. ಹಿಗ್ಗಿನಲ್ಲಿ ಕೈ ಆಡಿಸಿದ. ಎಡತೋಳಿನ ಹೊಲಿಗೆ ಬಿಟ್ಟು ಬೆರಳುಗಳು ಕಾಣೆಯಾದವು.

ಆಗ ಬಾಗಿಲು ತೆರೆದು ಅವನ ಮ್ಯಾನೇಜರು ಒಳಗೆ ಬಂದರು.

ಹೊಸ ಅಂಗಿ, ಹೊಸ ಬೂಟು, ಸೊಂಟ ನೆಟ್ಟಗೆ. ನಿಧಾನಪ್ಪನನ್ನು ಕಂಡೊಡನೆ ಆ ಸೊಂಟ ನಿಜವಾಗಿಯೂ ಹಿಡಿದುಕೊಂಡಿತು. ಅರ್ಧ ಬಗ್ಗಿದವರು ಅರ್ಧದಲ್ಲೇ ನಿಂತರು. ಅವರ ಹಣೆಯ ಮೇಲೆ ಬೆವರು ಮೂಡುವುದನ್ನು ನೋಡುತ್ತ ನಿಧಾನಪ್ಪನಿಗೆ ಎರಡು ವಿಷಯ ಒಟ್ಟಿಗೆ ಅರ್ಥವಾದವು. ಒಂದು, ಇಷ್ಟು ಚೆನ್ನಾಗಿ ನಟಿಸುವ ಶಕ್ತಿ ಇವರಿಗಿಲ್ಲ. ಎರಡು, ಹಾಗಾದರೆ ಬೆಳಗಿನಿಂದ ನಡೆದದ್ದು ನಾಟಕವಲ್ಲ.

“ಕೂತ್ಕೊಳ್ಳಿ” ಎಂದರು ಮೇಡಂ.

ಮ್ಯಾನೇಜರು ಕುರ್ಚಿಯ ತುದಿಯಲ್ಲಿ ಕೂತರು. ನಿಧಾನಪ್ಪನಿಗೆ ಏನಾದರೂ ಹೇಳಬೇಕೆನಿಸಿತು. “ಸೊಂಟ ಹೇಗಿದೆ ಸಾರ್?” ಎಂದ.

“ಪರವಾಗಿಲ್ಲ ಸಾರ್. ನಿಮ್ಮ ಹಲ್ಲು?”

“ಪರವಾಗಿಲ್ಲ.”

“ನಿಮ್ಮಿಬ್ಬರಿಗೂ ಪರಿಚಯ ಉಂಟಾ?” ಎಂದರು ಮೇಡಂ.

“ಇಲ್ಲ” ಎಂದರು ಇಬ್ಬರೂ ಒಂದೇ ಉಸಿರಿಗೆ.

“ಇವರು ಕೂರೋ ರೀತಿ ನೋಡಿ ಕೇಳಿದೆ” ಎಂದ ನಿಧಾನಪ್ಪ.

“ಅವರು ಮಾತಾಡೋ ರೀತಿ ನೋಡಿ ಕೇಳಿದೆ” ಎಂದರು ಮ್ಯಾನೇಜರು.

ಮೇಡಂ ಇಬ್ಬರ ಸೂಕ್ಷ್ಮದೃಷ್ಟಿಗೂ ತಲೆದೂಗಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, “ಈಗಿರೋ ಕೆಲಸ ಯಾಕೆ ಬಿಡ್ತೀರಿ ಅಂತ ಫೋನಲ್ಲಿ ಹೇಳಿದ್ರಲ್ಲ, ಅದನ್ನ ಸಾರ್‌ಗೂ ಹೇಳಿ. ನಿಮ್ಮ ತಂಡದಲ್ಲಿ ಯಾರೋ ಒಬ್ಬರಿಂದ ಎಲ್ಲ ಕೆಲಸ ತಡ ಆಗತ್ತೆ, ಅವರನ್ನ ಎಳ್ಕೊಂಡು ಹೋಗಿ ಹೋಗಿ ಸಾಕಾಗಿದೆ ಅಂದಿದ್ರಿ” ಎಂದರು.

“ಅವರು ಈಗ ಸುಧಾರಿಸಿದಾರೆ” ಎಂದರು ಮ್ಯಾನೇಜರು.

“ಹೋದ ವಾರ ತಾನೆ ಹೇಳಿದ್ದು?”

“ಈ ವಾರ ಸುಧಾರಿಸಿದ್ರು. ನಿಜ ಹೇಳಬೇಕು ಅಂದ್ರೆ ಅವರು ರತ್ನ, ಮೇಡಂ. ಅವರ ಬೆಲೆ ನಮಗೇ ಗೊತ್ತಿರಲಿಲ್ಲ.”

“ಆಮೇಲೆ?” ಎಂದ ನಿಧಾನಪ್ಪ. ಅವನಿಗೆ ನಿಜಕ್ಕೂ ಕುತೂಹಲವಿತ್ತು.

ಮ್ಯಾನೇಜರು ಮತ್ತಷ್ಟು ಹೊಗಳಿದರು. ಅವರು ಹೊರಗೆ ಹೋದ ಮೇಲೆ ಮೇಡಂ ಪೆನ್ನು ಹಿಡಿದು, “ಏನನ್ನಿಸ್ತು ಸಾರ್?” ಎಂದರು. ನಿಧಾನಪ್ಪ ಯೋಚಿಸಿದ. ಬೇಡ ಎಂದರೆ ನಾಳೆ ಬೆಳಿಗ್ಗೆ ಇವರೇ ತನ್ನ ಮ್ಯಾನೇಜರು, ಮುಂದಿನ ವರ್ಷವೂ ಇವರೇ. ಬೇಕು ಎಂದರೆ ಇವರು ಇಲ್ಲಿಯ ಪಾಲು.

“ತಗೊಂಡುಬಿಡಿ” ಎಂದ. ಹುಟ್ಟಿದಾಗಿನಿಂದ ನಿಧಾನಪ್ಪ ಇಷ್ಟು ಬೇಗ ಯಾವ ತೀರ್ಮಾನವನ್ನೂ ಮಾಡಿರಲಿಲ್ಲ.

ಅಷ್ಟಕ್ಕೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಇನ್ನೊಬ್ಬರು ಒಳಗೆ ಬಂದರು. ಮಾಸಿದ ಟೀ ಶರ್ಟು, ಹವಾಯಿ ಚಪ್ಪಲಿ, ಹೆಗಲಿಗೆ ಬಟ್ಟೆಚೀಲ. ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲಿಟ್ಟು, “ಈ ಏಳನೇ ಪ್ರಶ್ನೆಯೇ ತಪ್ಪು. ಉತ್ತರ ಬರಲ್ಲ” ಎಂದರು.

“ಮೊದಲು ನಿಮ್ಮ ಪರಿಚಯ ಹೇಳಿ” ಎಂದರು ಮೇಡಂ.

“ನಾನು ಇಂಟರ್‌ವ್ಯೂ ಮಾಡೋಕೆ ಬಂದೋನು.”

ಮೇಡಂ ಮುಗುಳ್ನಕ್ಕರು. “ಆತ್ಮವಿಶ್ವಾಸ ಇರಬೇಕು ನಿಜ. ಆದರೆ ಇಷ್ಟೊಂದಾ?”

“ಆತ್ಮವಿಶ್ವಾಸ ಅಲ್ಲಮ್ಮ. ಬೆಳಿಗ್ಗೆ ಬಂದ ತಕ್ಷಣ ನನ್ನ ಚಪ್ಪಲಿ ನೋಡಿ ಹುಡುಗ್ರ ಜೊತೆ ಪರೀಕ್ಷೆಗೆ ಕೂರಿಸಿಬಿಟ್ರು. ಪೇಪರ್ ಚೆನ್ನಾಗಿದೆಯಾ ನೋಡೋಕೆ ಕೊಟ್ಟಿದಾರೆ ಅಂದ್ಕೊಂಡು ಬರೀತಾ ಕೂತೆ. ಫೋನಲ್ಲಿ ನಿಮ್ಮ ಜೊತೆ ಮಾತಾಡಿದ್ದು ನಾನೇ.”

ಆ ದನಿ ಫೋನಿನ ದನಿಯೇ ಆಗಿತ್ತು. ಮೇಡಂ ನಿಧಾನವಾಗಿ ಪಕ್ಕಕ್ಕೆ ತಿರುಗಿದರು. ನಿಧಾನಪ್ಪ ಎದ್ದು ನಿಂತ. ಅಷ್ಟರಲ್ಲಿ ಬಲತೋಳಿನ ಹೊಲಿಗೆಯೂ ಬಿಟ್ಟಿತ್ತು. ಎರಡೂ ಕೈ ಇಲ್ಲದವನ ಹಾಗೆ ನಿಂತು, “ನಾನು ಕೆಲಸ ಕೇಳೋಕೆ ಬಂದಿದ್ದೆ ಮೇಡಂ. ನೀವು ಕೂತ್ಕೊಳ್ಳಿ ಅಂದ್ರಿ, ಕೂತೆ” ಎಂದ.

ಯಾರೂ ಕೂಗಾಡಲಿಲ್ಲ. ಮೇಡಂ ಎದ್ದು ಗಾಜಿನ ಗೋಡೆಗೆ ಪರದೆ ಎಳೆದು ಬಂದರು. “ದಾರೀಲಿ ಹೋಗೋರನ್ನ ಕರೆದು ಕೂರಿಸಿ ಆಯ್ಕೆ ಮಾಡಿಸಿದೆ ಅಂತ ಗೊತ್ತಾದ್ರೆ, ನಾಳೆ ಆ ಕಡೆ ಕುರ್ಚೀಲಿ ನಾನು ಕೂತಿರ್ತೀನಿ” ಎಂದರು.

ತಜ್ಞರೂ ದನಿ ತಗ್ಗಿಸಿದರು. “ನಂದೂ ಹೊರಗೆ ಹೋಗೋದು ಬೇಡ. ಪಕ್ಕದಲ್ಲಿ ಕೂತಿದ್ದೋರಲ್ಲಿ ಇಬ್ಬರು ನನ್ನ ಹತ್ರ ಪಾಠ ಕೇಳಿದೋರು. ನನಗಿಂತ ಮುಂಚೆ ಬರೆದು ಎದ್ದುಹೋದರು.”

ಹೀಗೆ ಮೂವರ ಮಾನವೂ ಒಂದೇ ಗಂಟಿನಲ್ಲಿ ಸೇರಿದ್ದರಿಂದ ಆಯ್ಕೆ ಆದ ಹಾಗೇ ಇರಲಿ ಎಂದು ತೀರ್ಮಾನವಾಯಿತು. ತಜ್ಞರು ಓದದೆ ಸಹಿ ಹಾಕಿದರು. ನಿಧಾನಪ್ಪ ತನ್ನ ಸಂದರ್ಶನದ ಮಾತೆತ್ತಿದಾಗ ಮೇಡಂ, “ಆರಿಸೋ ಕಡೆ ಕೂತೋರನ್ನ ಆರಿಸೋ ಹಾಗಿಲ್ಲ. ಕಂಪನಿ ನಿಯಮ” ಎಂದರು. ನಿಯಮ ಎಂದ ಮೇಲೆ ನಿಧಾನಪ್ಪ ಒಪ್ಪಿದ.

ಮರುದಿನ ಅವನು ಹೆದರುತ್ತ ಕಚೇರಿಗೆ ಹೋದ. ಮ್ಯಾನೇಜರು ತಾವೇ ಕಿಟಕಿಯ ಮೇಜಿಗೆ ಬಂದು, ನಿಂತುಕೊಂಡೇ, “ಸಾರ್, ಕಾಫಿ ತಗೊಂಡ್ರಾ?” ಎಂದರು. ಮ್ಯಾನೇಜರು ನಿಧಾನಪ್ಪನನ್ನು ಸಾರ್ ಎಂದದ್ದು ಮಧ್ಯಾಹ್ನದೊಳಗೆ ಮೂರು ಮಹಡಿಗೂ ಮುಟ್ಟಿತು. ಗಾಜಿನ ಗೋಡೆಯಾಚೆಯಿಂದ ಅವನನ್ನು ಕಂಡವರೂ ಇದ್ದರು. ಅವನು ಆ ಕಂಪನಿಯಲ್ಲಿ ಗುಟ್ಟಾಗಿ ದೊಡ್ಡ ಹುದ್ದೆಯಲ್ಲಿದ್ದಾನೆ ಎಂದು ಒಂದನೇ ಮಹಡಿ ಹೇಳಿತು. ಆ ಕಂಪನಿಯೇ ಅವನದು ಎಂದು ಮೂರನೇ ಮಹಡಿ ಹೇಳಿತು.

ತಾನು ಅಲ್ಲಿ ಯಾರೂ ಅಲ್ಲ ಎಂದು ನಿಧಾನಪ್ಪ ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದರಿಂದ ಕೆಟ್ಟಿತು. “ಎಷ್ಟು ವಿನಯ ನೋಡಿ” ಎಂದರು. ಸುದ್ದಿ ಮನೆಯ ಕಡೆಗೂ ಬಂತು. ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ, ಎದುರು ಸಿಕ್ಕರೂ ತಲೆ ಎತ್ತದವರು, ಒಂದು ಸಂಜೆ ಅಣ್ಣನ ಮಗನನ್ನು ಕರೆದುಕೊಂಡು ಬಂದು, “ಇವನಿಗೊಂದು ದಾರಿ ತೋರಿಸಿ” ಎಂದರು. ದಾರಿ ತನಗೇ ಗೊತ್ತಿಲ್ಲವೆಂದು ನಿಧಾನಪ್ಪ ಹೇಳಿದ. ಅಧಿಕಾರಿಗಳು ಹುಡುಗನ ಕಡೆ ತಿರುಗಿ, “ಕೇಳಿಸ್ತಾ? ದಾರಿ ನಾವೇ ಹುಡುಕ್ಕೋಬೇಕಂತೆ” ಎಂದು ಸಂತೃಪ್ತರಾಗಿ ಹೋದರು.

ಷಡ್ಡಕನೂ ಬಂದ. ಈ ಸಲ ಕುರ್ಚಿಯ ತುದಿಯಲ್ಲಿ ಕೂತಿದ್ದ.

“ಅಣ್ಣ, ನಿಮ್ಮ ಪ್ಯಾನೆಲ್‌ಗೆ ಹೋದ ವರ್ಷ ನಾನೂ ಅರ್ಜಿ ಹಾಕಿದ್ದೆ. ಕರೀಲೇ ಇಲ್ಲ. ಎಲ್ಲಿ ತಪ್ಪಿದೆ ಅಂತ ಹೇಳ್ತೀರಾ?”

“ನನ್ನ ಪ್ಯಾನೆಲ್ ಅಲ್ಲಪ್ಪ. ನೀನು ಹೇಳಿಕೊಟ್ಟ ಹಾಗೇ ಹೂಂ ಅಂದೆ. ಅಷ್ಟೇ ನಾನು ಮಾಡಿದ್ದು.”

“ಅದೇ ಅಣ್ಣ, ನಾನೂ ಎಲ್ಲ ಕಡೆ ಹೂಂ ಅಂತೀನಿ. ನಂಗ್ಯಾಕೆ ಹೀಗಾಗಲ್ಲ?”

ಒಳಗಿನಿಂದ ಹೆಂಡತಿ, “ಕೋಟು ಅವರು ಹಾಕ್ಕೊಂಡು ಹೋಗಿದ್ರಲ್ಲ” ಎಂದಳು. ಷಡ್ಡಕ ಇದನ್ನು ಗಂಭೀರವಾಗಿ ಪರಿಗಣಿಸಿದ.

ತಿಂಗಳು ಕಳೆಯುವುದರೊಳಗೆ ಮ್ಯಾನೇಜರು ಆ ಕಂಪನಿಯ ಕೆಲಸ ಸಿಕ್ಕಿ ಹೊರಟುಹೋದರು. ಬೀಳ್ಕೊಡುಗೆಯಲ್ಲಿ, ತಮ್ಮ ಏಳಿಗೆಗೆ ಕಾರಣರಾದವರು ಇದೇ ಕೋಣೆಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ ಎಂದು ಹೇಳಿ ಎಲ್ಲರೂ ನಿಧಾನಪ್ಪನನ್ನು ನೋಡುವಂತೆ ಮಾಡಿದರು. ಅವರ ಜಾಗ ಖಾಲಿ ಉಳಿದು, ತಂಡವನ್ನು ಅವರ ಮೇಲಿನ ನಿರ್ದೇಶಕರೇ ನೋಡಿಕೊಳ್ಳತೊಡಗಿದರು. ಆಗ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆಗೆ ಮಾಡಿಕೊಡುತ್ತಿದ್ದ ಸಾಫ್ಟ್‌ವೇರು. ಅದು ಕೆಲವು ಸಲ ಒಂದೇ ಹಾಸಿಗೆಯನ್ನು ಇಬ್ಬರು ರೋಗಿಗಳಿಗೆ ಕೊಡುತ್ತಿತ್ತು. ಯಾವಾಗ, ಯಾಕೆ ಎಂದು ನಿಧಾನಪ್ಪ ಹುಡುಕುತ್ತಿದ್ದ. ಸೋಮವಾರ ಕೊಟ್ಟೇ ತೀರಬೇಕು, ಉಳಿದದ್ದು ಆಮೇಲೆ ಸರಿಮಾಡೋಣ ಎಂದು ನಿರ್ದೇಶಕರು ಎರಡು ಸಲ ಹೇಳಿಕಳುಹಿಸಿದ್ದರು.

ಆ ವಾರದಲ್ಲೇ ಎಚ್‌ಆರ್ ಮೇಡಂ ಫೋನು ಮಾಡಿದರು.

“ಸಾರ್, ನೀವೇ ಮತ್ತೆ ಬರಬೇಕು. ಆ ಹುಡುಗಿ ತುಂಬಾ ಚೆನ್ನಾಗಿ ಕೆಲಸ ಮಾಡ್ತಿದಾಳೆ, ಆರಿಸಿದೋರು ಯಾರು, ಅವರನ್ನೇ ಕರೆಸಿ ಅಂತಿದಾರೆ ನಮ್ಮ ಮೇಲಿನೋರು. ನೀವು ಬರದಿದ್ರೆ ನಾನು ಯಾರನ್ನ ತೋರಿಸಲಿ? ಶುಕ್ರವಾರ ನಿರ್ದೇಶಕರ ಹುದ್ದೆಗೆ ಇಂಟರ್‌ವ್ಯೂ.”

ನಿಧಾನಪ್ಪ ಹೂಂ ಅನ್ನಲಿಲ್ಲ. ಕೇಳಿ ಹೇಳ್ತೀನಿ ಎಂದ. ಈ ಸಲ ಹಲ್ಲಿನ ಹೆಸರು ಹೇಳುವುದು ಬೇಡ, ಇದ್ದದ್ದನ್ನೇ ಹೇಳೋಣ ಎಂದುಕೊಂಡು ನಿರ್ದೇಶಕರ ಕೋಣೆಗೆ ಹೋದ. ಒಳಗೆ ಹೋಗಿ ಕಂಪನಿಯ ಹೆಸರು ಹೇಳಿದ, ಶುಕ್ರವಾರ ಎಂದ, ನಿರ್ದೇಶಕರ ಹುದ್ದೆಯ ಸಂದರ್ಶನಕ್ಕೆ ತನ್ನನ್ನು ಕರೆದಿದ್ದಾರೆ, ಆರಿಸುವ ಕಡೆ ಕೂರಲು, ಎಂದ.

“ನಂಗೆ ಇಷ್ಟ ಇಲ್ಲ ಸಾರ್. ಹೇಗೂ ನೀವು ರಜೆ ಕೊಡಲ್ಲ, ಸೋಮವಾರದ ಕೆಲಸ ಬೇರೆ ಇದೆ. ಆಗಲ್ಲ ಅಂತ ಹೇಳಿಬಿಡ್ತೀನಿ” ಎಂದ.

ನಿರ್ದೇಶಕರು ಎದ್ದು ಹೋಗಿ ಬಾಗಿಲು ಹಾಕಿದರು. ಕುರ್ಚಿಯೊಂದನ್ನು ತಾವೇ ಎಳೆದುಕೊಟ್ಟು, ಅವನು ಕೂತ ಮೇಲೆ ತಾವು ಕೂತರು.

“ಎಲ್ಲ ಅರ್ಜಿಗಳನ್ನೂ ನೋಡಿದೀರಾ?” ಎಂದು ಮೆಲ್ಲಗೆ ಕೇಳಿದರು.

“ಇಲ್ಲ ಸಾರ್. ಯಾಕೆ?”

“ಏನಿಲ್ಲ. ನೀವು ಹೋಗಿ ಬನ್ನಿ. ಹೋಗಲೇಬೇಕು. ನಿಮ್ಮಂಥೋರು ಹೋಗದಿದ್ರೆ ಬೇರೆ ಯಾರೋ ಕೂರ್ತಾರೆ.” ಅವರು ಕರವಸ್ತ್ರ ತೆಗೆದು ಹಣೆ ಒತ್ತಿಕೊಂಡರು. “ನಾನೂ ಶುಕ್ರವಾರ ಇರಲ್ಲ. ಕಣ್ಣಿನ ಡಾಕ್ಟರ್ ಹತ್ರ ಹೋಗೋದಿದೆ.”

ನಿಧಾನಪ್ಪನಿಗೆ ಕಣ್ಣಿನ ಬಗ್ಗೆ ಮರುಕವಾಯಿತು. ಒಂದು ಕ್ಷಣದ ಮೇಲೆ ಉಳಿದದ್ದೂ ಅರ್ಥವಾಯಿತು. ಸುಮ್ಮನೆ ಕೂತ.

ಆ ಮೌನವನ್ನು ನಿರ್ದೇಶಕರು ತಡೆಯಲಾರದೆ ಹೋದರು. “ಇಷ್ಟು ವರ್ಷದಿಂದ ಇದೀರಿ, ಏನೂ ಕೇಳಿದೋರಲ್ಲ” ಎಂದರು. “ಮ್ಯಾನೇಜರ್ ಸೀಟು ಖಾಲಿ ಇದೆ. ಏನು ಬೇಕು ಹೇಳಿ.”

ಷಡ್ಡಕ ಅಲ್ಲಿದ್ದಿದ್ದರೆ ಮೇಜಿನ ಕೆಳಗಿನಿಂದ ಒದೆಯುತ್ತಿದ್ದ. ನಿಧಾನಪ್ಪ ಯೋಚಿಸಿದ. ತಪ್ಪು ಹುಡುಕುವವನು ಮ್ಯಾನೇಜರಾದರೆ ತಪ್ಪನ್ನು ಯಾರು ಹುಡುಕುತ್ತಾರೆ ಎಂದು ಯೋಚಿಸಿದ. ಆಸ್ಪತ್ರೆಯ ಬಾಗಿಲಲ್ಲಿ ತಂತಮ್ಮ ಗಂಟುಮೂಟೆ ಹಿಡಿದುಕೊಂಡು ಒಂದೇ ಹಾಸಿಗೆಯ ಎರಡು ಬದಿಗೆ ಬಂದು ನಿಲ್ಲುವ ಇಬ್ಬರು ರೋಗಿಗಳನ್ನೂ ಯೋಚಿಸಿದ.

“ಸೋಮವಾರ ಕೊಡೋದು ಬೇಡ ಸಾರ್. ಹಾಸಿಗೆ ತಪ್ಪು ಇನ್ನೂ ಸಿಕ್ಕಿಲ್ಲ.”

ನಿರ್ದೇಶಕರು ಇನ್ನೇನೋ ಬರುತ್ತದೆಂದು ಕಾದರು. ಬರಲಿಲ್ಲ. “ಒಂದು ವಾರ ಮುಂದಕ್ಕೆ ಹಾಕಿದ್ರೆ ಸಾಕಾ?” ಎಂದರು.

“ಎರಡು ಕೊಟ್ರೆ ಒಳ್ಳೇದು ಸಾರ್” ಎಂದ ನಿಧಾನಪ್ಪ.